ಹುಲ್ಲು, ಇಳಿಜಾರು ಮತ್ತೊಂದು ಕಬ್ಬಿಣದ ಕಮಾನು

ಹುಲ್ಲು ಕತ್ತರಿಸುವ ಯಂತ್ರದ ಮೂಲ ಬಟ್ಟೆ ಗಿರಣಿ ಅಂದ್ರೆ ನಂಬ್ತೀರಾ? ಉಣ್ಣೆ ಬಟ್ಟೆಯ ಮೇಲೆದ್ದ ಎಳೆಗಳನ್ನು ಸವರುವ ಯಂತ್ರ ನೋಡಿ, ಇಂಗ್ಲೆಂಡಿನ ಸ್ಟ್ರೌಡ್ ಬಳಿಯ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಪೇಟೆಂಟ್ ಪಡೆದ. ಆಗ ಹಿಂದೆ ನಿಂತು ತಳ್ಳಬೇಕಿತ್ತು, ಜಾರಿದರೆ ಕೈಬಿಟ್ಟರಾಯ್ತು. 20ನೇ ಶತಮಾನದಲ್ಲಿ ಎಂಜಿನ್ನಿನ ಜೊತೆ ಸೀಟೂ ಬಂತು... ಇಳಿಜಾರಿನಲ್ಲಿ ಮಗುಚಿದರೆ ಸವಾರನೇ ಅಡಿಗೆ!

ಪಾಠ ಕಲಿಸಿದ್ದು ಟ್ರ್ಯಾಕ್ಟರ್. ಸ್ವೀಡನ್ 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆ ರಕ್ಷಣಾ ಚೌಕಟ್ಟು ಕಡ್ಡಾಯ ಮಾಡಿತು. ಮಗುಚಿ ಸಾಯುವವರು ಕಡಿಮೆಯಾದರು. ಅಂಥದೇ ಕಮಾನು ಇಂದು ಎಷ್ಟೋ ದೊಡ್ಡ ಸವಾರಿ ಯಂತ್ರಗಳಲ್ಲಿದೆ. ಬೆಲ್ಟ್ ಹಾಕದಿದ್ದರೆ ಅದು ಬರೀ ಅಲಂಕಾರ.

ಮನೆಬಳಕೆಯ ಚಿಕ್ಕ ಯಂತ್ರಗಳಿಗೆ ಸಾಮಾನ್ಯವಾಗಿ ಕಮಾನೂ ಇಲ್ಲ. ಅಮೆರಿಕದಲ್ಲಿರೋ ಗೆಳೆಯರೇ, ಸ್ಟೀರಿಂಗ್ ಇರುವ ಯಂತ್ರವನ್ನು ದಿಬ್ಬಕ್ಕೆ ಅಡ್ಡಡ್ಡ ಓಡಿಸಬೇಡಿ, ನೇರ ಹತ್ತಿಸಿ, ಇಳಿಸಿ. 15 ಡಿಗ್ರಿ ದಾಟಿದರೆ ಹುಲ್ಲು ಬೆಳೆದುಕೊಳ್ಳಲಿ ಬಿಡಿ!