ಸಾಗಿಸುವ ಫೈಲು, ಕೆಲಸದ ಫೈಲು: ಹೊಸೂರು ಸೀಮೆಯ ಕನ್ನಡ ದಾಖಲಾತಿ ಮತ್ತು ವಿಡಿಯೊ ಸಂಕೋಚನದ ಚರಿತ್ರೆ

ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲ ಕಡೆಯ ಹಿರಿಯರ ಮಾತನ್ನು ನಾವೆಲ್ಲ ಫೋನಿನಲ್ಲೇ ಚಿತ್ರೀಕರಿಸುತ್ತಿದ್ದೇವೆ. ಭಾಷಾವಾರು ವಿಂಗಡಣೆಯಾದ 1956ರಲ್ಲಿ ಈ ಸೀಮೆ ಸೇಲಂ ಜಿಲ್ಲೆಯೊಳಗೆ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿತು. ತೆಲುಗು, ತಮಿಳಿನ ಜೊತೆಜೊತೆಗೇ ಬೆಳೆದ ಇಲ್ಲಿನ ಕನ್ನಡದ ಉಚ್ಚಾರಣೆ ಪುಸ್ತಕದಲ್ಲಿ ಸಿಗೋದಿಲ್ಲ, ಆಡುವವರ ಬಾಯಲ್ಲಿ ಮಾತ್ರ ಸಿಗುತ್ತೆ. ಅದಕ್ಕೇ ವಿಡಿಯೊ.

ಚಿತ್ರೀಕರಣ ಸುಲಭವಾಗಿ ಮುಗಿಯುತ್ತೆ. ತೊಂದರೆ ಶುರುವಾಗೋದು ಎಡಿಟಿಂಗ್‌ಗೆ ಕೂತಾಗ. ಫೈಲು ಚಿಕ್ಕದು, ಪ್ಲೇಯರಿನಲ್ಲಿ ಸರಾಗವಾಗಿ ಓಡುತ್ತೆ. ಅದನ್ನೇ ಟೈಮ್‌ಲೈನಿಗೆ ಎಳೆದರೆ ಒಂದೊಂದು ಕತ್ತರಿಗೂ ಕಂಪ್ಯೂಟರ್ ನಿಂತುಬಿಡುತ್ತೆ. ‘ಹೊಸ ಲ್ಯಾಪ್‌ಟಾಪ್ ಬೇಕು’ ಅನ್ನೋದು ಎಲ್ಲರ ಮೊದಲ ಮಾತು. ನನ್ನ ವಾದ ಬೇರೆ: ಈ ನಿಧಾನಕ್ಕೆ ಕಾರಣ ಆ ಫೈಲಿನ ಹುಟ್ಟಿನಲ್ಲೇ ಇದೆ.

ಈ ಚರಿತ್ರೆಯ ಒಂದು ಎಳೆ ಹೊಸೂರಿನಿಂದ ಸುಮಾರು 40 ಕಿ.ಮೀ. ದೂರದ ಬೆಂಗಳೂರಿಗೆ ಹೋಗುತ್ತೆ. ಅಲ್ಲಿ ಹುಟ್ಟಿ, ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ ಅವರು ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರಲ್ಲಿ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ಗಣಿತ ವಿಧಾನವನ್ನು ಪ್ರಕಟಿಸಿದರು. ಇದಕ್ಕೆ ಕೇಳಿದ್ದ ಧನಸಹಾಯ ಸಿಗಲಿಲ್ಲ ಅಂತ ಮುಂದೆ 1991ರಲ್ಲಿ ಅವರೇ ಬರೆದಿದ್ದಾರೆ. ಚಿತ್ರದಲ್ಲಿ ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮಗಳನ್ನು ಬೇರ್ಪಡಿಸಿ ಬಿಟ್ಟುಬಿಡಲು ದಾರಿ ಮಾಡಿಕೊಟ್ಟದ್ದು ಈ ವಿಧಾನ. ಜೆಪೆಗ್ ಚಿತ್ರ, ಎಂಪೆಗ್ ವಿಡಿಯೊ ಎರಡರ ಬುನಾದಿಯೂ ಇದೇ. ಇದಿಲ್ಲದೆ ಹೋಗಿದ್ದರೆ? ಒಂದು ಗಂಟೆಯ ಪೂರ್ಣ ಎಚ್‌ಡಿ ವಿಡಿಯೊ, ಸಂಕೋಚಿಸದೆ ಇಟ್ಟರೆ, ಸುಮಾರು 370 ಜಿಬಿ ಆಗುತ್ತೆ.

ಇಲ್ಲಿಯವರೆಗೆ ತೊಂದರೆಯಿಲ್ಲ, ಒಂದೊಂದು ಫ್ರೇಮೂ ತನ್ನಷ್ಟಕ್ಕೆ ಪೂರ್ಣ. 1995ರ ಡಿವಿ ಕ್ಯಾಸೆಟ್ ಹಾಗೇ ಇತ್ತು. ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತಿದ್ದರೂ ಎಲ್ಲಿ ಬೇಕಾದರೂ ಕತ್ತರಿಸಬಹುದಿತ್ತು. ಆದರೆ ಡಿಸ್ಕ್, ಟಿವಿ ಪ್ರಸಾರ, ಆಮೇಲೆ ಇಂಟರ್ನೆಟ್ ಇವಕ್ಕೆಲ್ಲ ಇನ್ನೂ ಚಿಕ್ಕ ಫೈಲು ಬೇಕಾಯಿತು. ಎಂಪೆಗ್‌ನಿಂದ ಹಿಡಿದು 2003ರ ಎಚ್.264, 2013ರ ಎಚ್.265ವರೆಗೆ ಬಳಸಿದ ಉಪಾಯ ನಮ್ಮ ಗ್ರಂಥಸಂಪಾದನೆಯವರಿಗೆ ಹೊಸದಲ್ಲ. ಒಂದು ಪ್ರತಿಯನ್ನು ಪೂರ್ತಿ ಅಚ್ಚು ಹಾಕಿ, ಉಳಿದ ಪ್ರತಿಗಳಿಂದ ಪಾಠಾಂತರ ಮಾತ್ರ ಅಡಿಟಿಪ್ಪಣಿಗೆ ಇಳಿಸ್ತೀವಲ್ಲ, ಹಾಗೆ. ಒಂದು ಫ್ರೇಮ್ ಪೂರ್ತಿ, ಮುಂದಿನವುಗಳಲ್ಲಿ ಬದಲಾದದ್ದು ಮಾತ್ರ. ಕೆಲವು ಫ್ರೇಮುಗಳಂತೂ ತಮ್ಮ ಮುಂದೆ ಬರುವುದನ್ನೂ ನೆಚ್ಚಿಕೊಂಡಿರುತ್ತವೆ. ಎರಡು ಸೆಕೆಂಡಿಗೊಂದು ಪೂರ್ಣ ಫ್ರೇಮ್ ಇದೆ, ಸೆಕೆಂಡಿಗೆ 25 ಫ್ರೇಮ್ ಅಂತಿಟ್ಟುಕೊಳ್ಳಿ. ನೀವು 49ನೆಯದರ ಮೇಲೆ ಬೆರಳಿಟ್ಟರೆ ಕಂಪ್ಯೂಟರ್ ಮೊದಲನೆಯದರಿಂದ ಲೆಕ್ಕ ಹಾಕುತ್ತಾ ಬರಬೇಕು. ನೋಡುವವನಿಗೆ ಇದು ಗೊತ್ತಾಗಲ್ಲ, ಯಾಕಂದ್ರೆ ಅವನು ಮುಂದಕ್ಕೇ ಹೋಗ್ತಾನೆ. ಎಡಿಟರ್ ಹಿಂದಕ್ಕೂ ಮುಂದಕ್ಕೂ ಜಿಗೀತಾನೆ.

ಹೆಸರಿನ ಗೊಂದಲ ಬೇರೆ. ಎಂಪಿ4 ಅನ್ನೋದು ಡಬ್ಬಿಯ ಹೆಸರು, ಒಳಗಿರೋದು ಎಚ್.264 ಆಗಿರಬಹುದು, ಎಚ್.265 ಆಗಿರಬಹುದು. ನುಡಿಯಲ್ಲಿ ಟೈಪು ಮಾಡಿದ ಹಳೆಯ ವರ್ಡ್ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಏನಾಗುತ್ತೆ ಅಂತ ಈ ವಿಭಾಗದಲ್ಲಿ ಯಾರಿಗೂ ವಿವರಿಸಬೇಕಿಲ್ಲ.

ನಿಧಾನವಾದರೂ ಸಹಿಸಬಹುದು. ನನಗೆ ನಿಜಕ್ಕೂ ಭಯ ಹುಟ್ಟಿಸೋದು ಇನ್ನೊಂದು. ಎಷ್ಟೋ ಫೋನುಗಳು ಬೆಳಕು ಕಡಿಮೆಯಾದರೆ, ಬಿಸಿಯಾದರೆ ಸೆಕೆಂಡಿಗಿಷ್ಟು ಫ್ರೇಮ್ ಅನ್ನೋ ಲೆಕ್ಕವನ್ನೇ ಬದಲಿಸುತ್ತವೆ. ಎಡಿಟಿಂಗ್ ತಂತ್ರಾಂಶ ಸಮಗತಿಯನ್ನು ನಂಬಿಕೊಂಡಿದ್ದರೆ ಧ್ವನಿಯೂ ತುಟಿಯೂ ನಿಧಾನಕ್ಕೆ ಬೇರೆಯಾಗುತ್ತವೆ. ಮದುವೆ ವಿಡಿಯೊದಲ್ಲಿ ನಕ್ಕು ಬಿಡಬಹುದು. ಅಜ್ಜಿಯೊಬ್ಬರು ಹೇಳಿದ್ದು ‘ಪ’ಕಾರವೋ ‘ಹ’ಕಾರವೋ ಅಂತ ತುಟಿ ನೋಡಿ ತೀರ್ಮಾನಿಸುವ ಕಡೆ ಅದು ಸುಳ್ಳು ಸಾಕ್ಷಿ.

ಪರಿಹಾರ ಹಳೆಯದೇ. ಆವಿಡ್ 2004ರಲ್ಲಿ ಡಿಎನ್‌ಎಕ್ಸ್‌ಎಚ್‌ಡಿ, ಆಪಲ್ 2007ರಲ್ಲಿ ಪ್ರೊರೆಸ್ ತಂದದ್ದು ಎಡಿಟಿಂಗ್ ಕೆಲಸಕ್ಕಾಗಿಯೇ: ಪ್ರತಿ ಫ್ರೇಮೂ ಪೂರ್ಣ, ಫೈಲು ದೊಡ್ಡದು. ಎಚ್‌ಡಿ ವಿಡಿಯೊಗೆ ಪ್ರೊರೆಸ್ 422 ಗಂಟೆಗೆ ಸುಮಾರು 55 ಜಿಬಿ ಕೇಳುತ್ತೆ, ಅದರ ಪ್ರಾಕ್ಸಿ ರೂಪ ಸುಮಾರು 17 ಜಿಬಿ. ಮೂಲವನ್ನು ಮುಟ್ಟದೆ, ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್‌ನಿಂದ ಗತಿ ಸ್ಥಿರವಾಗಿರುವ ಪ್ರತಿ ಮಾಡಿಕೊಂಡು, ಅದರಲ್ಲೇ ಕತ್ತರಿಸುವುದು. ಪರಿವರ್ತನೆಗೆ ಒಂದು ರಾತ್ರಿ ಬೇಕಾದರೆ ಬೇಕು. ಅದಾದ ಮೇಲೆ ಆರಂಭ, ನಡು, ಕೊನೆ ಮೂರೂ ಕಡೆ ತುಟಿ ಮತ್ತು ಧ್ವನಿ ಹೊಂದುತ್ತವೆಯೇ ಅಂತ ನೋಡಲೇಬೇಕು. ಪರಿವರ್ತಿಸಿದ ಮಾತ್ರಕ್ಕೆ ಕಳೆದುಹೋದ ಸೂಕ್ಷ್ಮ ಮರಳಿ ಬರೋದಿಲ್ಲ ಅನ್ನೋದೂ ನೆನಪಿರಲಿ. ದೊಡ್ಡ ಫೈಲು ಅಂದ್ರೆ ಒಳ್ಳೆಯ ಮೂಲ ಅಂತಲ್ಲ.

ಚರ್ಚೆಗೆ ಒಂದು ಪ್ರಶ್ನೆ ಇಟ್ಟು ನಿಲ್ಲಿಸ್ತೀನಿ. ಫೋನಿನ ಮೂಲ ಫೈಲು, ಕೆಲಸದ ಪ್ರತಿ, ವಾಟ್ಸಾಪಿನಲ್ಲಿ ಓಡಾಡಿ ಇನ್ನಷ್ಟು ಕುಗ್ಗಿದ ಪ್ರತಿ. ಇವುಗಳಲ್ಲಿ ವಿಭಾಗದ ಗ್ರಂಥಾಲಯಕ್ಕೆ ಯಾವುದನ್ನು ಕೊಡಬೇಕು? ನಾನು ಮೊದಲ ಎರಡನ್ನೂ ಕೊಡಬೇಕು ಅಂತೀನಿ. ಹಾರ್ಡ್ ಡಿಸ್ಕಿನ ಖರ್ಚಿನ ಬಗ್ಗೆ ಗುರುಗಳು ಏನಂತಾರೋ ಕೇಳೋಣ.