ವಾರಾನ್ನ: ಏಳು ಅಡುಗೆಮನೆಗಳ ವಿದ್ಯಾರ್ಥಿವೇತನ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಹಳೆಯ ಮೈಸೂರು ಸೀಮೆಯ ಪಟ್ಟಣಗಳಲ್ಲಿ ಓದಿ ಮುಂದೆ ಬಂದವರ ಆತ್ಮಕಥೆಗಳಲ್ಲಿ ವಾರಾನ್ನದ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಹಳ್ಳಿಯಿಂದ ಬಂದ ಬಡ ಬ್ರಾಹ್ಮಣ ಹುಡುಗನೊಬ್ಬನಿಗೆ ಪಟ್ಟಣದ ಏಳು ಮನೆಯವರು ಸೋಮವಾರ ಒಬ್ಬರು, ಮಂಗಳವಾರ ಇನ್ನೊಬ್ಬರು ಎಂಬಂತೆ ಸರದಿಯಲ್ಲಿ ಊಟ ಹಾಕುವ ಏರ್ಪಾಡಿಗೆ ಆ ಹೆಸರು. ಆತ್ಮಕಥೆಗಳಲ್ಲಿ ಅದು ಕಷ್ಟದ ದಿನಗಳ ನೆನಪಾಗಿ ಒಂದೆರಡು ಪುಟಗಳಲ್ಲಿ ಮುಗಿದುಹೋಗುತ್ತದೆಯಾದರೂ, ಆಧುನಿಕ ವಿದ್ಯೆ ಯಾರ ಕೈಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬ ಚರಿತ್ರೆಯಲ್ಲಿ ಈ ಪದ್ಧತಿಗೆ ಇದಕ್ಕಿಂತ ದೊಡ್ಡ ಸ್ಥಾನ ಸಲ್ಲಬೇಕು.

ಪದ್ಧತಿಯ ಬೇರು ಹಳೆಯದು. ಉಪನಯನವಾದ ವಟು ಗುರುವಿನ ಬಳಿ ಓದುತ್ತ ಭಿಕ್ಷೆಯಿಂದ ಜೀವಿಸಬೇಕೆಂಬ ಶಾಸ್ತ್ರದ ವಿಧಿ ಅದಕ್ಕೆ ಹಿನ್ನೆಲೆಯಾಗಿತ್ತು. ಆದರೆ ವೇದಪಾಠಶಾಲೆಯ ಬದಲು ಇಂಗ್ಲಿಷ್ ಹೈಸ್ಕೂಲಿನ ಸುತ್ತ ಅದು ಹೊಸದಾಗಿ ಬೆಳೆದದ್ದಕ್ಕೆ ಕಾರಣ ಹಣದ ಅಡಚಣೆ. 1876-78ರ ಧಾತು-ಈಶ್ವರ ಸಂವತ್ಸರಗಳ ಬರದ ಹೊಡೆತಕ್ಕೆ, 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಅಗ್ರಹಾರದ ಜಮೀನಿನಲ್ಲಿ ಮನೆತನಕ್ಕೆ ಸಲ್ಲುತ್ತಿದ್ದ ಪಾಲು, ಅಂದರೆ ವೃತ್ತಿ, ಅಣ್ಣತಮ್ಮಂದಿರಲ್ಲಿ ಹಂಚಿ ಹಂಚಿ ಸಣ್ಣದಾಗುತ್ತಿತ್ತು. ಶ್ಯಾನುಭೋಗಿಕೆ ಒಬ್ಬ ಮಗನಿಗೆ ದಕ್ಕಿದರೆ ಉಳಿದವರಿಗೆ ಇರುತ್ತಿದ್ದುದು ಪೌರೋಹಿತ್ಯ ಇಲ್ಲವೆ ಅಡುಗೆ ಕೆಲಸ. ದೊಡ್ಡ ಮನೆತನವೆಂಬ ಹೆಸರು ಉಳಿದು ಕಣಜ ಬರಿದಾದ ಇಂಥ ಮನೆಗಳವರಿಗೆ ಮೆಟ್ರಿಕ್ಯುಲೇಷನ್ ಪಾಸು ಮಾಡಿದ ಮಗನೊಬ್ಬ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದರೂ ಮನೆ ಮೇಲೆ ಬರುತ್ತದೆಂಬ ಲೆಕ್ಕವಿತ್ತು. ಶಾಲೆಯ ಫೀಸನ್ನು ಹೇಗಾದರೂ ಹೊಂದಿಸಬಹುದಿತ್ತು, ಅರ್ಧ ಫೀಸಿನ ಮಾಫಿಯೂ ಕೆಲವರಿಗೆ ದೊರೆಯುತ್ತಿತ್ತು. ಪಟ್ಟಣದಲ್ಲಿ ವರ್ಷವಿಡೀ ಎರಡು ಹೊತ್ತಿನ ಊಟಕ್ಕೆ ದುಡ್ಡು ಕಟ್ಟುವುದು ಮಾತ್ರ ಅವರ ಶಕ್ತಿಗೆ ಮೀರಿದ ಮಾತು.

ವಾರ ಗೊತ್ತುಮಾಡುವುದೇ ಒಂದು ಕೆಲಸವಾಗಿತ್ತು. ತಂದೆಯೋ ಸೋದರಮಾವನೋ ಹುಡುಗನನ್ನು ಕರೆದುಕೊಂಡು ಪರಿಚಯದವರ ಮೂಲಕ ವಕೀಲರು, ಅಮಲ್ದಾರರು, ಮೇಷ್ಟರು ಮೊದಲಾದವರ ಮನೆಗಳಿಗೆ ಹೋಗುತ್ತಿದ್ದನು. ಹುಡುಗ ಗೋತ್ರ, ಸೂತ್ರ, ಪ್ರವರಗಳನ್ನು ಹೇಳಿ ಅಭಿವಾದನ ಮಾಡಿ ನಿಲ್ಲುತ್ತಿದ್ದನು. ಒಪ್ಪಿಗೆ ಕೊಡುವವನು ಯಜಮಾನನಾದರೂ ಒಳಗಿನ ಹೆಂಗಸರು ಮನಸ್ಸು ಮಾಡದಿದ್ದರೆ ಅದು ನಡೆಯುವ ಏರ್ಪಾಡಲ್ಲ. ಏಳು ದಿನಕ್ಕೆ ಏಳು ಮನೆಗಳು ಒಟ್ಟಿಗೆ ಸಿಗುವುದು ಅಪರೂಪವಾಗಿದ್ದು, ಐದೋ ಆರೋ ಮನೆ ಸಿಕ್ಕವನು ಉಳಿದ ದಿನವನ್ನು ಛತ್ರದಲ್ಲೋ ದೇವಸ್ಥಾನದ ಪ್ರಸಾದದಲ್ಲೋ ಅವಲಕ್ಕಿಯಲ್ಲೋ ಕಳೆಯಬೇಕಾಗಿತ್ತು. ಏಳೂ ಸಿಕ್ಕಿದ ಮೇಲೂ ತೊಡಕುಗಳಿದ್ದವು. ಏಕಾದಶಿಗೆ ಅಡುಗೆಯಿಲ್ಲ, ಅದು ತಿಥಿಯನ್ನನುಸರಿಸುವುದರಿಂದ ಒಮ್ಮೆ ಬುಧವಾರದ ಮನೆಯಲ್ಲಿ, ಇನ್ನೊಮ್ಮೆ ಶುಕ್ರವಾರದ ಮನೆಯಲ್ಲಿ ಊಟ ತಪ್ಪುತ್ತಿತ್ತು. ಶನಿವಾರ ಒಪ್ಪತ್ತು ಮಾಡುವ ಮನೆಯಲ್ಲಿ ರಾತ್ರಿ ಬರಿಯ ಫಲಾಹಾರ. ಪುರುಡು ಅಥವಾ ಸೂತಕ, ಎಂದರೆ ಮನೆಯಲ್ಲಿ ಹೆರಿಗೆಯೋ ಸಾವೋ ಸಂಭವಿಸಿದಾಗಿನ ಅಶೌಚದ ಅವಧಿ, ಬಂದರೆ ಆ ವಾರ ಕೈಬಿಟ್ಟಂತೆಯೇ. ಎಲ್ಲಕ್ಕಿಂತ ಕಠಿನವಾದದ್ದು ಗಡಿಯಾರ. ಶಾಲೆಯ ಗಂಟೆ ಹತ್ತೂವರೆ ಹನ್ನೊಂದಕ್ಕೆ ಬಾರಿಸಿದರೆ, ಯಜಮಾನರ ಪೂಜೆ ಮುಗಿದು ನೈವೇದ್ಯವಾಗದೆ ಎಲೆ ಹಾಕುವಂತಿರಲಿಲ್ಲ. ಮಡಿಯುಟ್ಟು ನಡುಮನೆಯ ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತ ಹುಡುಗ ಮಂಗಳಾರತಿಯ ಸದ್ದಿಗೆ ಕಾದು, ಆಗದಿದ್ದರೆ ಹಸಿದೇ ಶಾಲೆಗೆ ಓಡಬೇಕಾಗುತ್ತಿತ್ತು.

ಇಷ್ಟಾದರೂ ವಾರಾನ್ನವನ್ನು ಯಾರೂ ಭಿಕ್ಷೆಯೆಂದು ಕರೆಯುತ್ತಿರಲಿಲ್ಲ, ಹಾಗೆ ಕರೆಯದಂತೆ ನೋಡಿಕೊಳ್ಳುವುದೇ ಅದರ ಕಟ್ಟುಪಾಡುಗಳ ಉದ್ದೇಶವಾಗಿತ್ತು ಎನ್ನಬಹುದು. ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ರೂಢಿಯಲ್ಲಿದ್ದ ಮಧುಕರಿಯಲ್ಲಿ ವಿದ್ಯಾರ್ಥಿ ಜೋಳಿಗೆ ಹಿಡಿದು ಮನೆಯಿಂದ ಮನೆಗೆ ಹೋಗಿ ಬೆಂದ ಅನ್ನವನ್ನು ಸಂಗ್ರಹಿಸಿ ತರುತ್ತಿದ್ದನು, ಅವನ ಬಡತನ ಬೀದಿಗೆ ಕಾಣುತ್ತಿತ್ತು. ವಾರಾನ್ನದವನು ಒಳಗೆ ಬಂದು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದನಾದ್ದರಿಂದ ಹೊರಗಿನವರ ಕಣ್ಣಿಗೆ ಅವನು ನೆಂಟರ ಹುಡುಗ. ಪ್ರತಿಯಾಗಿ ಪೂಜೆಗೆ ಹೂ ಬಿಡಿಸುವುದು, ಬಾವಿಯಿಂದ ನೀರು ಸೇದುವುದು, ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಮುಂತಾದ ಕೆಲಸಗಳನ್ನು ಅವನು ಮಾಡುತ್ತಿದ್ದನು. ಅವು ಊಟದ ಬೆಲೆಯೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲ ಮನೆಗಳೂ ಈ ಮರ್ಯಾದೆಯನ್ನು ಕಾಪಾಡಿದವೆಂದು ತಿಳಿಯಬೇಕಾಗಿಲ್ಲ. ಪಂಕ್ತಿಯ ಕೊನೆಯ ಎಲೆ, ತುಪ್ಪ ಬಡಿಸುವಾಗ ತಪ್ಪಿಹೋಗುವ ಮಿಳ್ಳೆ, ಎರಡನೆಯ ಸಲ ಕೇಳದ ಅನ್ನ ಇವುಗಳ ನೆನಪು ದೊಡ್ಡ ಹುದ್ದೆಗೇರಿದವರನ್ನೂ ಬಿಟ್ಟಿಲ್ಲ. ಕಣ್ಣಿಗೆ ಬಿದ್ದ ಚೂಟಿ ಹುಡುಗನನ್ನು ಮುಂದೆ ಅಳಿಯನನ್ನಾಗಿ ಮಾಡಿಕೊಂಡ ಮನೆಗಳೂ ಇದ್ದವು, ಆದ್ದರಿಂದ ಉಣಬಡಿಸಿದವರೆಲ್ಲ ಪುಣ್ಯವೊಂದನ್ನೇ ಬಯಸಿದರೆಂದು ಹೇಳುವಂತಿಲ್ಲ.

ನೇರವಾಗಿ ವಾರಾನ್ನಕ್ಕೆ ಹೋಗದೆ ಮನೆಪಾಠ ಹೇಳಿ ಖರ್ಚು ನಿಭಾಯಿಸುವುದು ಇದರ ಪಕ್ಕದ ದಾರಿ. ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿದ್ದು, ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು, ಪುಣೆಯ ಎಂಜಿನಿಯರಿಂಗ್ ವ್ಯಾಸಂಗಕ್ಕೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ನೆರವಾಯಿತು. ಮೈಸೂರಿನಲ್ಲಿ ತಾತಯ್ಯ ಎಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಸ್ಥಾಪಿಸಿದ ಅನಾಥಾಲಯವು ವಾರಾನ್ನದ ಮನೆಗಳ ಚದುರಿದ ಔದಾರ್ಯವನ್ನು ಒಂದು ಸೂರಿನಡಿ ತರುವ ಪ್ರಯತ್ನವಾಗಿತ್ತು.

ಈ ಪದ್ಧತಿಯ ಇನ್ನೊಂದು ಮುಖವನ್ನು ಅದರ ಗುಣಗಾನ ಮಾಡುವವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ವಾರಾನ್ನ ನಿಂತಿದ್ದುದು ಅಡುಗೆಮನೆಯ ಮಡಿಯ ಮೇಲೆ. ಆ ಹೊಸಿಲನ್ನು ದಾಟಬಲ್ಲ ಜಾತಿಯ ಹುಡುಗನಿಗೆ ಮಾತ್ರ ಅದು ತೆರೆದಿತ್ತು. ಅಷ್ಟೇ ಬಡವನಾದ, ಅಷ್ಟೇ ಬುದ್ಧಿವಂತನಾದ ಒಕ್ಕಲಿಗರ, ಕುರುಬರ, ದಲಿತರ ಹುಡುಗನಿಗೆ ಪಟ್ಟಣದಲ್ಲಿ ಒಂದು ಮನೆಯೂ ಇರಲಿಲ್ಲ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರ ಪ್ರಾತಿನಿಧ್ಯವನ್ನು ಪರಿಶೀಲಿಸಲು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿ ನೇಮಕವಾಗುವ ಹೊತ್ತಿಗೆ ಮೈಸೂರಿನ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರ ಪಾಲು ಅವರ ಜನಸಂಖ್ಯೆಗೆ ಹೋಲಿಸಿದರೆ ಬಹಳ ಹೆಚ್ಚಾಗಿತ್ತು. ಅದಕ್ಕೆ ಪ್ರತಿಭೆಯೇ ಕಾರಣವೆಂದು ಒಂದು ಪಕ್ಷ ವಾದಿಸಿತು. ಪ್ರತಿಭೆಯನ್ನು ಅಲ್ಲಗಳೆಯದೆಯೂ ಹೇಳಬಹುದಾದದ್ದೆಂದರೆ, ಯಾವ ಆಯವ್ಯಯದಲ್ಲಿಯೂ ಬರೆದಿಡದ ಒಂದು ದೊಡ್ಡ ವಿದ್ಯಾರ್ಥಿವೇತನ ಹಲವು ದಶಕಗಳ ಕಾಲ ಒಂದೇ ವರ್ಗದ ಮಕ್ಕಳಿಗೆ ಸಲ್ಲುತ್ತಿತ್ತು ಎಂಬುದು.

ಉಳಿದ ಸಮುದಾಯಗಳ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಅವರು ಶಾಲೆಯ ಜೊತೆಜೊತೆಗೇ ಊಟ ವಸತಿಯ ನಿಲಯಗಳನ್ನು ಕಟ್ಟಿದ್ದೇ ಸಾಕ್ಷಿ. ಧಾರವಾಡದಲ್ಲಿ 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ಮಕ್ಕಳಿಲ್ಲದ ಶಿರಸಂಗಿ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡಾಗ ಅವರ ಸಂಸ್ಥಾನದ ಆದಾಯ ಬಡ ವಿದ್ಯಾರ್ಥಿಗಳ ಓದಿಗೆ ಮೀಸಲಾಯಿತು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ತೆರೆಯಿತು, 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳೂ ಸಿದ್ಧಗಂಗೆಯ ಉದ್ದಾನ ಶಿವಯೋಗಿಗಳೂ ನಡೆಸಿದ ಉಚಿತ ಪ್ರಸಾದ ನಿಲಯಗಳಲ್ಲಿ, ಅಂದರೆ ಊಟ ವಸತಿಗಳೆರಡನ್ನೂ ಮಠವೇ ವಹಿಸಿಕೊಂಡ ವಿದ್ಯಾರ್ಥಿನಿಲಯಗಳಲ್ಲಿ, ಬೇಡುವ ಹೊಣೆ ಹುಡುಗನ ಹೆಗಲಿನಿಂದ ಸ್ವಾಮಿಗಳ ಹೆಗಲಿಗೆ ದಾಟಿತು: ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿ ಧಾನ್ಯ ತರುವವರು ಮಠದವರು, ಪಂಕ್ತಿಯಲ್ಲಿ ಕುಳಿತು ಉಣ್ಣುವವನು ವಿದ್ಯಾರ್ಥಿ. ಅಭಿಮಾನದ ನೆಲೆಯೂ ಇದರೊಂದಿಗೆ ಬದಲಾಯಿತು. ವಾರಾನ್ನದವನು ಪಾಸಾದರೆ ಅದು ಅವನ ಮನೆತನದ ಹೆಮ್ಮೆ. ನಿಲಯದ ಹುಡುಗ ಪಾಸಾದರೆ ಚಂದಾ ಕೊಟ್ಟ ಸಮಾಜವೆಲ್ಲ ಅವನನ್ನು ತನ್ನವನೆಂದಿತು, ಅವನ ಮೇಲೆ ಹಕ್ಕನ್ನೂ ಸಾಧಿಸಿತು.

ಚಂದಾ ಕೊಡುವ ಶ್ರೀಮಂತರೇ ಇಲ್ಲದ ಸಮುದಾಯಗಳ ಪಾಡು ಬೇರೆ. ಮಂಗಳೂರಿನ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು, ಮಧ್ಯಾಹ್ನದ ಊಟವನ್ನೂ ಕೊಟ್ಟು, ಅದಕ್ಕಾಗಿ ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿದರು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ಅಧಿಕಾರಿಯಾಗಿ ಕಾರಿನಲ್ಲಿ ಓಡಾಡುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂಬ ಅವರ ಆಸೆ ಅವರ ಸಮಾಧಿಯ ಮೇಲೆ ಬರೆದಿದೆ. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರು ದಲಿತ ವಿದ್ಯಾರ್ಥಿಗಳಿಗಾಗಿ ಇದೇ ಬಗೆಯ ಕೆಲಸ ಮಾಡಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹಿಂದುಳಿದ ಕುಟುಂಬದ ಹುಡುಗ ಎಚ್. ನರಸಿಂಹಯ್ಯ 1935ರಲ್ಲಿ ರೈಲಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಬಂದು, ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದು ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ್ದು, ಮುಂದೆ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದದ್ದು ಇಂಥ ನಿಲಯಗಳಿಲ್ಲದೆ ಊಹಿಸಲಾಗದ ಸಂಗತಿ.

ಈ ಎಲ್ಲ ಏರ್ಪಾಡುಗಳೂ ಬಹುಮಟ್ಟಿಗೆ ಗಂಡುಮಕ್ಕಳವೇ. ಹೆಣ್ಣುಮಗಳೊಬ್ಬಳು ವಾರಕ್ಕೆ ಹೋಗಿ ಓದುವುದು ಆ ಕಾಲದಲ್ಲಿ ಯೋಚನೆಗೂ ನಿಲುಕದ ಮಾತು. ಹೆಂಗಸರ ಪಾಲಿಗಿದ್ದುದು ಒಲೆಯ ಮುಂದಿನ ಕೆಲಸ. ಧಾರವಾಡದಲ್ಲಿ ಗಂಡನ ಆಸರೆ ತಪ್ಪಿದ ಮೇಲೆ ಖಾನಾವಳಿ, ಅಂದರೆ ದುಡ್ಡು ಕೊಟ್ಟು ಉಣ್ಣುವ ಊಟದ ಮನೆ, ನಡೆಸಿ ಮನೆಯನ್ನು ಸಾಗಿಸಿದ ಹೆಂಗಸರಲ್ಲಿ ಕವಿ ದ.ರಾ. ಬೇಂದ್ರೆಯವರ ತಾಯಿ ಅಂಬವ್ವನವರೂ ಒಬ್ಬರು. ಖಾನಾವಳಿಗೆ ತಿಂಗಳ ಲೆಕ್ಕವಾದರೂ ಇತ್ತು, ನಿಲಯಗಳಿಗೆ ದಾನಿಗಳ ಹೆಸರಿನ ಕಲ್ಲುಗಳಿದ್ದವು. ವಾರಾನ್ನ ಬಡಿಸಿದವರಲ್ಲಿ ಯಜಮಾನರ ಹೆಸರು ಆತ್ಮಕಥೆಗಳಲ್ಲಿ ಅಲ್ಲಲ್ಲಿ ಉಳಿದಿದೆಯಾದರೂ ಅಡುಗೆ ಮಾಡಿದವರು ಬಹುತೇಕ 'ಆ ತಾಯಿ' ಎಂಬಲ್ಲಿಗೇ ನಿಂತಿದ್ದಾರೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಡಿತರ ಬಂದು, ಮನೆಯ ತಲೆಗಳನ್ನು ಎಣಿಸಿ ಅಕ್ಕಿ ಕೊಡತೊಡಗಿದಾಗ, ಚೀಟಿಯಲ್ಲಿ ಹೆಸರಿಲ್ಲದ ಹುಡುಗನಿಗೆ ಎಲೆ ಹಾಕುವುದು ಉಳ್ಳವರಿಗೂ ಕಷ್ಟವಾಯಿತು. ಸ್ವಾತಂತ್ರ್ಯದ ನಂತರ ಇನಾಮು ಜಮೀನುಗಳು ಕೈತಪ್ಪಿದ್ದು, ಪಟ್ಟಣದ ಮನೆಗಳು ಸಂಬಳದ ಲೆಕ್ಕಕ್ಕೆ ಬಿದ್ದದ್ದು, ಸರ್ಕಾರಿ ವಿದ್ಯಾರ್ಥಿನಿಲಯಗಳು ಹೆಚ್ಚಿದ್ದು ಸೇರಿ ಮುಂದಿನ ಎರಡು ಮೂರು ದಶಕಗಳಲ್ಲಿ ವಾರಾನ್ನ ಬಹುತೇಕ ನಿಂತುಹೋಯಿತು. ಅದರ ಋಣವನ್ನು ಕೆಲವರು ತಮ್ಮ ಮನೆಯಲ್ಲಿ ಇನ್ನೊಬ್ಬ ಹುಡುಗನಿಗೆ ವಾರ ಕೊಟ್ಟು ತೀರಿಸಿದರು. ಉಂಡ ಮನೆಯ ಬೀದಿಯಲ್ಲಿ ಮತ್ತೆ ಹೆಜ್ಜೆಯಿಡಲು ಇಷ್ಟಪಡದವರೂ ಇದ್ದರು.