ಹೊಸ ಸಂಗೀತಕ್ಕೆ ಕೇಳುಗರು ದೊರೆತ ಬಗೆ

ಯುರೋಪಿನ ಶಾಸ್ತ್ರೀಯ ಸಂಗೀತವನ್ನು ಸದ್ದಿಲ್ಲದೆ ಕುಳಿತು ಕೇಳುವ ಪದ್ಧತಿ ಬಹಳ ಹಳೆಯದೇನಲ್ಲ. 18ನೇ ಶತಮಾನದ ಆಪೆರಾ ಮಂದಿರಗಳಲ್ಲಿ ಜನ ಮಾತಾಡುತ್ತಿದ್ದರು, ತಿನ್ನುತ್ತಿದ್ದರು, ಇಸ್ಪೀಟು ಆಡುತ್ತಿದ್ದರು. ಮೆಚ್ಚಿನ ಹಾಡು ಬಂದಾಗಷ್ಟೇ ವೇದಿಕೆಯತ್ತ ತಿರುಗುತ್ತಿದ್ದರು. ಮೌನವಾಗಿ ಕೇಳುವ ಶಿಸ್ತು ಇದ್ದದ್ದು ಚರ್ಚಿನಲ್ಲಿ. ಅಲ್ಲಿಯೂ ಅದು ಆರಾಧನೆಗೆ ಸಂದ ಗೌರವವೇ ಹೊರತು ಸಂಗೀತಕ್ಕೆ ಸಂದದ್ದಲ್ಲ. 1829ರ ಮಾರ್ಚ್ 11ರಂದು ಬರ್ಲಿನ್ನಿನಲ್ಲಿ, ಇಪ್ಪತ್ತು ವರ್ಷದ ಫೆಲಿಕ್ಸ್ ಮೆಂಡೆಲ್ಸನ್ ಬಾಖ್‌ನ ‘ಸಂತ ಮತ್ತಾಯನ ಪ್ಯಾಷನ್’ ಕೃತಿಯನ್ನು ಮತ್ತೆ ಹಾಡಿಸಿದಾಗ ಈ ಎರಡು ಲೋಕಗಳು ಹತ್ತಿರ ಬಂದವು. ಲೈಪ್‌ಜಿಗ್‌ನ ಚರ್ಚಿನಲ್ಲಿ ಶುಭ ಶುಕ್ರವಾರದ ಆರಾಧನೆಗೆಂದು ಬರೆದ ಕೃತಿಯನ್ನು ಜನ ಸಭಾಂಗಣದಲ್ಲಿ ಟಿಕೆಟ್ ಕೊಂಡು ಕೇಳಿದರು. ಚರ್ಚಿನ ಮೌನವೂ ಅದರ ಜೊತೆಗೇ ಸಭಾಂಗಣಕ್ಕೆ ಬಂದಿತೆನ್ನಬಹುದು. 1876ರಲ್ಲಿ ವಾಗ್ನರ್ ಬೈರಾಯಿಟ್‌ನಲ್ಲಿ ಕಟ್ಟಿಸಿದ ರಂಗಮಂದಿರದಲ್ಲಿ ದೀಪಗಳನ್ನೂ ಆರಿಸಿ, ಕೇಳುಗರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಮಾಡಿದ.

ಈ ಗಾಂಭೀರ್ಯಕ್ಕೆ ಬೆಲೆ ತೆರಬೇಕಾಯಿತು. ಸಭಾಂಗಣ ಗುಡಿಯಂತಾದ ಮೇಲೆ ಅಲ್ಲಿ ಗತಿಸಿದವರಿಗೇ ಅಗ್ರಪೂಜೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಕಾರ್ಯಕ್ರಮಗಳಲ್ಲಿ ಬದುಕಿದ್ದ ಸಂಯೋಜಕರ ಕೃತಿಗಳಿಗಿಂತ ತೀರಿಹೋದವರ ಕೃತಿಗಳೇ ಹೆಚ್ಚಾಗಿದ್ದವು. ಹೊಸತನ್ನು ಕೇಳಲು ಬಂದವರಿಗೆ ಅದಕ್ಕೆ ಬೇಕಾದ ಅಭ್ಯಾಸ ಇರಲಿಲ್ಲ. 1913ರ ಮಾರ್ಚ್ 31ರಂದು ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಭಾಂಗಣದಲ್ಲಿ ಆರ್ನಲ್ಡ್ ಷೋನ್‌ಬರ್ಗ್ ತನ್ನ ಕೃತಿಯ ಜೊತೆಗೆ ಶಿಷ್ಯರಾದ ಆಂಟನ್ ವೇಬರ್ನ್ ಮತ್ತು ಆಲ್ಬನ್ ಬರ್ಗ್ ಅವರ ರಚನೆಗಳನ್ನೂ ನುಡಿಸಿದ. ಬರ್ಗ್‌ನ ಹಾಡುಗಳು ಬರುವಷ್ಟರಲ್ಲಿ ಕೂಗಾಟ ಕೈಮಿಲಾಯಿಸುವ ಮಟ್ಟಕ್ಕೆ ಹೋಗಿತ್ತು. ಕೊನೆಯಲ್ಲಿದ್ದ ಮಾಹ್ಲರ್‌ನ ಗೀತೆಗಳನ್ನು ಹಾಡಲಾಗಲೇ ಇಲ್ಲ. ಆ ಸಂಜೆಗೆ ವಿಯೆನ್ನಾದಲ್ಲಿ ‘ಕಪಾಳಮೋಕ್ಷದ ಕಛೇರಿ’ ಎಂಬ ಹೆಸರೇ ನಿಂತುಬಿಟ್ಟಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಮೇ 29ರಂದು, ಪ್ಯಾರಿಸ್‌ನಲ್ಲಿ ಸ್ತ್ರಾವಿನ್‌ಸ್ಕಿಯ ‘ವಸಂತದ ಬಲಿ’ ನೃತ್ಯನಾಟಕಕ್ಕೂ ಗದ್ದಲದ ಸ್ವಾಗತವೇ ಸಿಕ್ಕಿತು. ಪ್ಯಾರಿಸ್ಸಿನ ಗಲಾಟೆ ಲೋಕಪ್ರಸಿದ್ಧವಾಯಿತು. ಆದರೆ ಮುಂದಿನ ಇತಿಹಾಸಕ್ಕೆ ಹೆಚ್ಚು ಮುಖ್ಯವಾದದ್ದು ವಿಯೆನ್ನಾದ ಗಲಾಟೆ, ಏಕೆಂದರೆ ಷೋನ್‌ಬರ್ಗ್ ಅದರಿಂದ ಒಂದು ಪಾಠ ಕಲಿತ.

ಮೊದಲ ಮಹಾಯುದ್ಧ ಮುಗಿಯುತ್ತಿದ್ದಂತೆ, 1918ರ ನವೆಂಬರಿನಲ್ಲಿ, ಅವನು ‘ಖಾಸಗಿ ಸಂಗೀತ ಪ್ರಯೋಗಗಳ ಸಂಘ’ವನ್ನು ಕಟ್ಟಿದ. ಮರುವರ್ಷ ಅದರ ಧ್ಯೇಯಪತ್ರವನ್ನು ಬರ್ಗ್ ಬರೆದುಕೊಟ್ಟ. ಸಂಘದ ನಿಯಮಗಳು ಈಗಲೂ ವಿಚಿತ್ರವಾಗಿ ಕಾಣುತ್ತವೆ. ಪ್ರವೇಶ ಸದಸ್ಯರಿಗೆ ಮಾತ್ರ. ಪತ್ರಿಕೆಗಳ ವಿಮರ್ಶಕರಿಗೆ ಬಾಗಿಲು ಮುಚ್ಚಿತ್ತು. ಯಾವ ಕೃತಿ ನುಡಿಸುತ್ತಾರೆಂಬುದನ್ನು ಮೊದಲೇ ತಿಳಿಸುತ್ತಿರಲಿಲ್ಲ, ತಿಳಿಸಿದರೆ ಜನ ತಮಗೆ ಹಿಡಿಸಿದ್ದಕ್ಕಷ್ಟೇ ಬರುತ್ತಾರೆಂದು. ಚಪ್ಪಾಳೆ ನಿಷಿದ್ಧ, ಸಿಳ್ಳೆಯೂ ನಿಷಿದ್ಧ. ‘ಆಹಾ’, ‘ಭೇಷ್’ಗಳಿಂದಲೇ ಕಳೆಗಟ್ಟುವ ಕರ್ನಾಟಕ ಸಂಗೀತದ ಕಛೇರಿಗೆ ಕಿವಿ ಹೊಂದಿಸಿಕೊಂಡವರಿಗೆ ಇದು ಶಿಕ್ಷೆಯಂತೆ ಕಂಡೀತು. ಆದರೆ ಷೋನ್‌ಬರ್ಗ್‌ಗೆ ಬೇಕಾದದ್ದು ಮೆಚ್ಚುಗೆಯೂ ಅಲ್ಲ, ತಿರಸ್ಕಾರವೂ ಅಲ್ಲ, ಪರಿಚಯ. ಕಷ್ಟದ ಕೃತಿಯನ್ನು ಒಂದೇ ಸಲ ಕೇಳಿ ತೀರ್ಪು ಕೊಡಬಾರದೆಂದು ಒಂದೇ ಕೃತಿಯನ್ನು ಹಲವು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ನುಡಿಸುತ್ತಿದ್ದರು. ಪ್ರತಿ ಪ್ರಯೋಗದ ಹಿಂದೆ ಹತ್ತಾರು ತಾಲೀಮುಗಳಿರುತ್ತಿದ್ದವು.

ಯುದ್ಧದಲ್ಲಿ ಸೋತ ಊರಿನಲ್ಲಿ ಪೂರ್ಣ ಆರ್ಕೆಸ್ಟ್ರಾವನ್ನು ಸಾಕುವಷ್ಟು ಹಣ ಎಲ್ಲಿಂದ ಬರಬೇಕು? ದೊಡ್ಡ ಕೃತಿಗಳನ್ನು ಪಿಯಾನೊ, ಹಾರ್ಮೋನಿಯಂ ಮತ್ತು ನಾಲ್ಕಾರು ತಂತಿವಾದ್ಯಗಳಿಗೆ ಇಳಿಸಿಕೊಳ್ಳುತ್ತಿದ್ದರು. 1918ರ ಡಿಸೆಂಬರ್ 29ರ ಮೊದಲ ಕಾರ್ಯಕ್ರಮದಲ್ಲಿ ಸ್ಕ್ರಿಯಾಬಿನ್ ಮತ್ತು ಡೆಬ್ಯೂಸಿಯ ರಚನೆಗಳೊಡನೆ ಮಾಹ್ಲರ್‌ನ ಏಳನೇ ಸಿಂಫನಿಯನ್ನು ಪಿಯಾನೊ ಮೇಲೆ ನಾಲ್ಕು ಕೈಗಳಿಂದ ನುಡಿಸಲಾಯಿತು. ವಾದ್ಯಗಳ ವರ್ಣವೈಭವವೆಲ್ಲ ಕಳಚಿದ್ದರಿಂದ ಕೃತಿಯ ಎಲುಬು ಕಾಣುತ್ತದೆ ಎಂಬ ಸಮರ್ಥನೆಯನ್ನೂ ಸಂಘ ಕೊಟ್ಟುಕೊಂಡಿತು; ಬಡತನವನ್ನೇ ಸಿದ್ಧಾಂತವಾಗಿಸಿದ ಜಾಣತನವಿದು, ಆದರೂ ಸುಳ್ಳಲ್ಲ. ಮೊದಮೊದಲು ಷೋನ್‌ಬರ್ಗ್ ತನ್ನ ಕೃತಿಗಳಿಗೆ ಅಲ್ಲಿ ಜಾಗವನ್ನೇ ಕೊಡಲಿಲ್ಲ. 1921ರ ಮೇ ತಿಂಗಳಲ್ಲಿ ಹಣ ಕೂಡಿಸಲು ಗುರು-ಶಿಷ್ಯ ಮೂವರೂ ಯೋಹಾನ್ ಸ್ಟ್ರೌಸ್‌ನ ಜನಪ್ರಿಯ ವಾಲ್ಟ್ಸ್‌ಗಳನ್ನು ಸಣ್ಣ ಮೇಳಕ್ಕೆ ಅಳವಡಿಸಿ, ಆ ಹಸ್ತಪ್ರತಿಗಳನ್ನು ಹರಾಜಿಗಿಟ್ಟರು. ಆ ವರ್ಷದ ಕೊನೆಗೆ ಹಣದುಬ್ಬರ ಸಂಘದ ಬಾಗಿಲು ಮುಚ್ಚಿಸಿತು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಕಾರ್ಯಕ್ರಮಗಳಲ್ಲಿ ನೂರೈವತ್ತರಷ್ಟು ಕೃತಿಗಳು ಕೇಳಿಬಂದಿದ್ದವು.

ಮತ್ತೆ ಮತ್ತೆ ಕೇಳಿಸುವ ಈ ಕೆಲಸವನ್ನು ಮುಂದೆ ಯಂತ್ರಗಳು ವಹಿಸಿಕೊಂಡವು. ಎರಡನೇ ಮಹಾಯುದ್ಧದ ನಂತರ ಹೊಸ ಸಂಗೀತಕ್ಕೆ ದೊಡ್ಡ ಪೋಷಕನಾದದ್ದು ರೇಡಿಯೊ. ಬಿಬಿಸಿಯ ‘ಥರ್ಡ್ ಪ್ರೋಗ್ರಾಂ’ 1946ರ ಸೆಪ್ಟೆಂಬರ್ 29ರಂದು ಆರಂಭವಾಯಿತು. ಪ್ಯಾರಿಸ್‌ನಲ್ಲಿ ಪಿಯೆರ್ ಷೆಫರ್ ರೈಲುಗಾಡಿಯ ಸದ್ದುಗಳನ್ನು ಮುದ್ರಿಸಿ ಜೋಡಿಸಿದ ರಚನೆ 1948ರ ಅಕ್ಟೋಬರಿನಲ್ಲಿ ಪ್ರಸಾರವಾದದ್ದೂ ರೇಡಿಯೊದಲ್ಲೇ. ಕಲೋನ್ ನಗರದ ರೇಡಿಯೊ ಸ್ಟುಡಿಯೊದಲ್ಲಿ ಕಾರ್ಲ್‌ಹೈನ್ಸ್ ಷ್ಟಾಕ್‌ಹೌಸನ್ 1956ರಲ್ಲಿ ಮುಗಿಸಿದ ‘ಯುವಕರ ಗಾನ’ದಲ್ಲಿ ಬೈಬಲ್ಲಿನ ದಾನಿಯೇಲನ ಗ್ರಂಥಕ್ಕೆ ಸೇರಿದ ಸ್ತುತಿಯನ್ನು ಒಬ್ಬ ಹುಡುಗನ ದನಿ ಹಾಡುತ್ತದೆ, ಆ ದನಿ ವಿದ್ಯುನ್ಮಾನ ಸದ್ದುಗಳಲ್ಲಿ ಬೆರೆತು, ಕೇಳುಗರ ಸುತ್ತ ಇಟ್ಟ ಧ್ವನಿವರ್ಧಕಗಳಿಂದ ಹೊಮ್ಮುತ್ತದೆ. ಪ್ರಯೋಗಶೀಲ ಸಂಗೀತಕ್ಕೂ ದೇವಸ್ತುತಿಗೂ ಅಜಗಜಾಂತರ ಎಂದುಕೊಂಡವರಿಗೆ ಈ ಕೃತಿ ಉತ್ತರ. ರೇಡಿಯೊ ಕೇಳುಗರ ಕಿವಿಯನ್ನು ಪರೀಕ್ಷಿಸಿದ್ದೂ ಉಂಟು. 1961ರ ಜೂನ್ 5ರಂದು ಬಿಬಿಸಿ ‘ಪಿಯೋಟರ್ ಜಾಕ್’ ಎಂಬ ಯುವ ಸಂಯೋಜಕನ ಕೃತಿಯನ್ನು ಬಿತ್ತರಿಸಿತು. ಅಂಥ ಸಂಯೋಜಕ ಇರಲೇ ಇಲ್ಲ. ಹ್ಯಾನ್ಸ್ ಕೆಲ್ಲರ್ ಮತ್ತು ಸೂಸನ್ ಬ್ರ್ಯಾಡ್‌ಷಾ ಸ್ಟುಡಿಯೊದಲ್ಲಿ ಸಿಕ್ಕಸಿಕ್ಕ ತಾಳವಾದ್ಯಗಳನ್ನು ಮನಬಂದಂತೆ ಬಡಿದಿದ್ದರು. ಪತ್ರಿಕೆಗಳ ವಿಮರ್ಶಕರು ಕೃತಿ ಚೆನ್ನಾಗಿಲ್ಲವೆಂದರೇ ವಿನಾ ಕೃತಿಯೇ ಅಲ್ಲವೆನ್ನಲಿಲ್ಲ.

ರೇಡಿಯೊ ಮಾಡಿದ ಕೆಲಸದ ಇನ್ನೊಂದು ಪಾಲನ್ನು ಗ್ರಾಮಫೋನ್ ತಟ್ಟೆ ಮಾಡಿತು. ಇಲ್ಲಿ ಮೈಸೂರಿನ ಹೆಸರು ಬರುತ್ತದೆ. ಅರಮನೆಗೆ ಪಾಶ್ಚಾತ್ಯ ಸಂಗೀತ ಹೊಸದಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ವಾದ್ಯವೃಂದವನ್ನು ಒಟ್ಟೊ ಷ್ಮಿಟ್ ಎಂಬ ಜರ್ಮನ್ ಸಂಗೀತಗಾರ ನಡೆಸುತ್ತಿದ್ದ. ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಕಲಿತವರು. ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಪದವಿ ಪಡೆದಿದ್ದರು. ಅವರ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದವೆಂಬ ಅಂದಾಜಿದೆ. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಡ್ಟ್ನರ್ ಎಂಬ ಸಂಯೋಜಕನನ್ನು ಸಂಗೀತಲೋಕ ಬಹುಮಟ್ಟಿಗೆ ಮರೆತಿದ್ದ ಕಾಲದಲ್ಲಿ ಒಡೆಯರು ‘ಮೆಡ್ಟ್ನರ್ ಸೊಸೈಟಿ’ ಸ್ಥಾಪಿಸಿ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮುದಿತನದ ಅನಾರೋಗ್ಯದ ನಡುವೆಯೂ ಮೆಡ್ಟ್ನರ್ ತನ್ನ ಮೂರೂ ಪಿಯಾನೊ ಕಂಚೆರ್ಟೊಗಳನ್ನು ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದೊಡನೆ ನುಡಿಸಿ ಮುದ್ರಿಸಿದ, ಮೂರನೆಯದನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ಅವನು ತೀರಿಕೊಂಡ. ಇನ್ನು ಕೆಲವು ವರ್ಷ ತಡವಾಗಿದ್ದರೆ ಆ ಕೈಗಳ ನುಡಿತ ಉಳಿಯುತ್ತಲೇ ಇರಲಿಲ್ಲ.

ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಒಡೆಯರೇ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸ್‌ನ ‘ಕೊನೆಯ ನಾಲ್ಕು ಗೀತೆಗಳು’ ಮೊದಲ ಬಾರಿಗೆ ಕೇಳಿಬಂದವು. ಹಾಡಿದವಳು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಆರ್ಕೆಸ್ಟ್ರಾ ನಡೆಸಿದವನು ಫುರ್ಟ್‌ವೆಂಗ್ಲರ್. ಕಾರ್ಯಕ್ರಮ ಧ್ವನಿಮುದ್ರಣಗೊಂಡು ತಮ್ಮ ಸಂಗ್ರಹಕ್ಕೆ ಬರಲೆಂದು 4,800 ಡಾಲರುಗಳ ಹೊಣೆ ಹೊತ್ತವರು ಒಡೆಯರು. ಅವರು ಆ ಸಂಜೆ ಅಲ್ಲಿರಲಿಲ್ಲ. ತಟ್ಟೆಗಳು ಮೈಸೂರಿಗೆ ಬಂದವು. ಹಾಗೆಂದು ಒಡೆಯರನ್ನು ಪ್ರಯೋಗಶೀಲ ಸಂಗೀತದ ಪಕ್ಷಪಾತಿ ಎನ್ನಲಾಗದು. ಮೆಡ್ಟ್ನರ್ ಷೋನ್‌ಬರ್ಗ್‌ನ ಹಾದಿಯನ್ನು ಕಟುವಾಗಿ ವಿರೋಧಿಸಿದವನು. ಆದರೆ ಬದುಕಿರುವ ಸಂಯೋಜಕನ ಕೃತಿ ಮತ್ತೆ ಮತ್ತೆ ಕೇಳಸಿಗಬೇಕೆಂಬ ವಿಷಯದಲ್ಲಿ ವಿಯೆನ್ನಾದ ಬಡ ಸಂಘವೂ ಮೈಸೂರಿನ ಅರಮನೆಯೂ ಒಂದೇ ದಾರಿ ಹಿಡಿದಿದ್ದವು.

ಕೇಳುವುದನ್ನೇ ಕೃತಿಯಾಗಿಸಿದವನು ಅಮೆರಿಕದ ಜಾನ್ ಕೇಜ್. 1946ರಲ್ಲಿ ನ್ಯೂಯಾರ್ಕ್‌ಗೆ ಸಂಗೀತ ಕಲಿಯಲು ಬಂದ ಅಹಮದಾಬಾದಿನ ಗೀತಾ ಸಾರಾಭಾಯಿ ಅವನಿಂದ ಪಾಶ್ಚಾತ್ಯ ಸಂಗೀತದ ಪಾಠ ಕಲಿತು, ಪ್ರತಿಯಾಗಿ ಭಾರತೀಯ ಸಂಗೀತದ ಪಾಠ ಹೇಳಿಕೊಟ್ಟರು. ಮನಸ್ಸನ್ನು ಶಾಂತಗೊಳಿಸಿ ದೈವೀ ಪ್ರಭಾವಕ್ಕೆ ತೆರೆಯುವುದೇ ಸಂಗೀತದ ಉದ್ದೇಶವೆಂದು ಅವರ ಗುರುಗಳು ಹೇಳುತ್ತಿದ್ದ ವಿಚಾರ ಕೇಜ್‌ನ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯಿತು. 1952ರ ಆಗಸ್ಟ್ 29ರಂದು ವುಡ್‌ಸ್ಟಾಕ್ ಬಳಿಯ ಮರದ ಸಭಾಂಗಣದಲ್ಲಿ ಪಿಯಾನೊ ವಾದಕ ಡೇವಿಡ್ ಟ್ಯೂಡರ್ ಕುಳಿತು 4 ನಿಮಿಷ 33 ಸೆಕೆಂಡು ಏನನ್ನೂ ನುಡಿಸಲಿಲ್ಲ. ಕೇಳಿಸಿದ್ದು ಹೊರಗಿನ ಗಾಳಿ, ಸೂರಿನ ಮೇಲೆ ಬಿದ್ದ ಮಳೆ, ಒಳಗಿನ ಗೊಣಗಾಟ. ಇದನ್ನು ತಮಾಷೆ ಎಂದವರೇ ಹೆಚ್ಚು. ಟ್ಯೂಡರ್ ಮುಂದೆ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಇಟ್ಟು ವಿದ್ಯುನ್ಮಾನ ಸಂಗೀತದ ಸ್ಟುಡಿಯೊ ಕಟ್ಟಿಕೊಟ್ಟ.

ಅತ್ತ ಚರ್ಚಿನೊಳಗಿನ ಗಾಯನವೂ ಬದಲಾಗುತ್ತಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಗೆ ದೇಶಭಾಷೆಗಳನ್ನು ಒಪ್ಪಿದ ಮೇಲೆ ಕ್ಯಾಥೊಲಿಕ್ ಚರ್ಚುಗಳಲ್ಲಿ ಲ್ಯಾಟಿನ್ ಹಾಡುಗಾರಿಕೆ ಹಿಂದೆ ಸರಿಯಿತು. ಕರ್ನಾಟಕದ ಕರಾವಳಿಯಲ್ಲಿ ಕೊಂಕಣಿ, ಕನ್ನಡ ಹಾಡುಗಳು ಆ ಜಾಗಕ್ಕೆ ಬಂದವು. ಪ್ರಾಟೆಸ್ಟೆಂಟರಲ್ಲಿ ಈ ಬದಲಾವಣೆ ಎಂದೋ ಆಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ರಾಗಗಳಿಗೆ ಕನ್ನಡದ ಮಾತು ಹೊಂದಿಸಿ ಸಭೆಗಳಲ್ಲಿ ಹಾಡಿಸಿದ್ದರು. ವಿಪರ್ಯಾಸವೆಂದರೆ ಚರ್ಚು ಕೈಬಿಟ್ಟ ಲ್ಯಾಟಿನ್ ಗಾಯನವನ್ನು ಚರ್ಚಿಗೆ ಹೋಗದವರು ಧ್ವನಿಮುದ್ರಿಕೆಯಲ್ಲಿ ಹಿಡಿದುಕೊಂಡರು. ಸ್ಪೇನಿನ ಸಿಲೊಸ್ ಮಠದ ಸನ್ಯಾಸಿಗಳು ಹಾಡಿದ ಹಳೆಯ ಮುದ್ರಣವೊಂದು 1994ರಲ್ಲಿ ಮತ್ತೆ ಬಿಡುಗಡೆಯಾಗಿ ಲಕ್ಷಗಟ್ಟಲೆ ಮಾರಾಟವಾಯಿತು.

ಈ ಹೊತ್ತಿಗೆ ಪೂರ್ವ ಯುರೋಪಿನಿಂದ ಬಂದ ಸಂಗೀತ ಕೇಳುಗರ ಸಂಖ್ಯೆಯನ್ನೇ ಬದಲಿಸಿತ್ತು. ಎಸ್ಟೋನಿಯಾದ ಆರ್ವೊ ಪ್ಯಾರ್ಟ್ 1935ರಲ್ಲಿ ಹುಟ್ಟಿದವನು, ಬಹಳ ವರ್ಷ ರೇಡಿಯೊದಲ್ಲಿ ಧ್ವನಿ ತಂತ್ರಜ್ಞನಾಗಿದ್ದವನು. ಹನ್ನೆರಡು ಸ್ವರಗಳಿಗೂ ಸಮಾನ ಸ್ಥಾನ ಕೊಡುವ ಷೋನ್‌ಬರ್ಗ್‌ನ ಪದ್ಧತಿಯನ್ನು ತನ್ನ ದೇಶಕ್ಕೆ ತಂದವನೂ ಅವನೇ. 1968ರಲ್ಲಿ ಟಾಲಿನ್‌ನಲ್ಲಿ ನೀಮೆ ಯಾರ್ವಿ ನಡೆಸಿದ ಪ್ಯಾರ್ಟ್‌ನ ‘ಕ್ರೇಡೊ’ದಲ್ಲಿ ಕ್ರಿಸ್ತನಲ್ಲಿ ನಂಬಿಕೆಯನ್ನು ಸಾರುವ ಲ್ಯಾಟಿನ್ ಮಾತುಗಳಿದ್ದವು; ಸೋವಿಯತ್ ಅಧಿಕಾರಿಗಳು ಕೃತಿಯನ್ನು ನಿಷೇಧಿಸಿದರು. ಆಮೇಲೆ ಎಂಟು ವರ್ಷ ಅವನು ಬರೆದದ್ದು ಬಹಳ ಕಡಿಮೆ, ಓದಿದ್ದು ಮಧ್ಯಯುಗದ ಚರ್ಚ್ ಸಂಗೀತ. 1976ರ ‘ಫ್ಯೂರ್ ಅಲೀನಾ’ ಎಂಬ ಪುಟ್ಟ ಪಿಯಾನೊ ರಚನೆಯಲ್ಲಿ ಅವನ ಹೊಸ ಶೈಲಿ ಹುಟ್ಟಿತು. ಒಂದು ದನಿ ಸ್ವರದಿಂದ ಪಕ್ಕದ ಸ್ವರಕ್ಕೆ ನಡೆಯುತ್ತದೆ. ಇನ್ನೊಂದು ದನಿ ಸ-ಗ-ಪಗಳಂಥ ಮೂರೇ ಸ್ವರಗಳನ್ನು ಬಿಟ್ಟು ಕದಲುವುದಿಲ್ಲ. ಆಧಾರಶ್ರುತಿಯ ಸಂಗೀತ ಬಲ್ಲವರಿಗೆ ಇದು ಅಪರಿಚಿತವೆನಿಸದು.

1980ರಲ್ಲಿ ಪ್ಯಾರ್ಟ್ ಕುಟುಂಬ ದೇಶ ಬಿಟ್ಟಿತು. ಇಸಿಎಂ ಕಂಪನಿಯ ಮಾನ್‌ಫ್ರೆಡ್ ಐಖರ್ ಕಾರಿನ ರೇಡಿಯೊದಲ್ಲಿ ಅವನ ‘ತಬುಲಾ ರಾಸಾ’ ಕೇಳಿ, 1984ರಲ್ಲಿ ಅದನ್ನು ಧ್ವನಿಮುದ್ರಿಕೆಯಾಗಿ ತಂದ. ಅಂಥದೇ ಕಥೆ ಪೋಲೆಂಡಿನ ಹೆನ್ರಿಕ್ ಗುರೆಟ್ಸ್ಕಿಯ ಮೂರನೇ ಸಿಂಫನಿಯದು. 1977ರಲ್ಲಿ ಫ್ರಾನ್ಸಿನ ಉತ್ಸವದಲ್ಲಿ ನವ್ಯ ಸಂಗೀತದ ಪಂಡಿತರು ಅದನ್ನು ತಳ್ಳಿಹಾಕಿದ್ದರು. 1992ರಲ್ಲಿ ಗಾಯಕಿ ಡಾನ್ ಅಪ್‌ಷಾ ಹಾಡಿದ ಮುದ್ರಣ ಬಂದಾಗ, ಆಗಷ್ಟೇ ಲಂಡನ್ನಿನಲ್ಲಿ ಶುರುವಾಗಿದ್ದ ಕ್ಲಾಸಿಕ್ ಎಫ್‌ಎಂ ಅದರ ತುಣುಕುಗಳನ್ನು ಮೇಲಿಂದ ಮೇಲೆ ಕೇಳಿಸಿತು; ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. ವಿಮರ್ಶಕರನ್ನು ಹೊರಗಿಟ್ಟು ಪುನರಾವರ್ತನೆಯನ್ನು ನೆಚ್ಚಿಕೊಂಡಿದ್ದ ಷೋನ್‌ಬರ್ಗ್‌ನ ಲೆಕ್ಕ, ಅವನು ಒಪ್ಪದಿರಬಹುದಾದ ಸರಳ ಸಂಗೀತದ ವಿಷಯದಲ್ಲಿ ನಿಜವಾಯಿತು.

ಹೊಸ ವೃಂದಗಾಯನಕ್ಕೆ ಚರ್ಚು ಈಗಲೂ ತವರುಮನೆ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಕ್ರಿಸ್ಮಸ್ ಮುನ್ನಾದಿನದ ಗಾಯನಸೇವೆ 1918ರಲ್ಲಿ ಆರಂಭವಾಗಿ, 1928ರಿಂದ ಬಿಬಿಸಿಯಲ್ಲಿ ಪ್ರಸಾರವಾಗುತ್ತಿದೆ. ನಡುವೆ ತಪ್ಪಿದ್ದು 1930ರಲ್ಲಿ ಮಾತ್ರ. ಅಲ್ಲಿನ ಗಾಯನವೃಂದದ ನಿರ್ದೇಶಕನಾಗಿದ್ದ ಸ್ಟೀಫನ್ ಕ್ಲಿಯೊಬರಿ 1983ರಿಂದ ಪ್ರತಿವರ್ಷ ಒಬ್ಬ ಸಮಕಾಲೀನ ಸಂಯೋಜಕನಿಂದ ಒಂದು ಹೊಸ ಹಾಡು ಬರೆಸುವ ಪದ್ಧತಿ ತಂದ. 1990ರ ಹಾಡು ಪ್ಯಾರ್ಟ್‌ನದು. ಹಳೆಯ ಹಾಡಿಗೆಂದು ರೇಡಿಯೊ ಹಾಕಿದ ಲಕ್ಷಾಂತರ ಜನ ಹೊಸದೊಂದನ್ನೂ ಕೇಳಿಯೇ ಏಳಬೇಕಾಗುತ್ತದೆ. ಕಾರ್ಯಕ್ರಮ ಪಟ್ಟಿಯನ್ನು ಬಚ್ಚಿಟ್ಟ ವಿಯೆನ್ನಾದ ಉಪಾಯಕ್ಕಿಂತ ಇದು ಹೆಚ್ಚು ಫಲ ಕೊಟ್ಟಿದೆ.

ಜರ್ಮನಿಯ ಹಾಲ್ಬರ್‌ಷ್ಟಾಟ್‌ನ ಸಂತ ಬುರ್ಖಾರ್ಡಿ ಚರ್ಚಿನಲ್ಲಿ ಆರ್ಗನ್‌ಗಾಗಿ ಕೇಜ್ ಬರೆದ, ಸಾಧ್ಯವಾದಷ್ಟು ನಿಧಾನವಾಗಿ ನುಡಿಸಬೇಕಾದ ಕೃತಿಯನ್ನು 2001ರ ಸೆಪ್ಟೆಂಬರ್ 5ರಿಂದ ನುಡಿಸಲಾಗುತ್ತಿದೆ. ಆರಂಭದಲ್ಲಿದ್ದ ವಿರಾಮವೇ 2003ರ ಫೆಬ್ರವರಿವರೆಗೆ ನಡೆಯಿತು. ಸ್ವರ ಬದಲಾಗುವ ದಿನ ದೂರದೂರುಗಳಿಂದ ಜನ ಸೇರುತ್ತಾರೆ. ಕೃತಿ ಮುಗಿಯಬೇಕಾದದ್ದು 2640ರಲ್ಲಿ. ಖರ್ಚಿಗೆ ಸರ್ಕಾರದ ಖಜಾನೆಯನ್ನು ನೆಚ್ಚದೆ, ಒಂದೊಂದು ವರ್ಷವನ್ನು ಒಬ್ಬೊಬ್ಬ ದಾನಿಗೆ ಹಂಚುವ ಏರ್ಪಾಡು ಮಾಡಲಾಗಿದೆ. ವರ್ಷದ ಜೊತೆಗೆ ದಾನಿಯ ಮಾತನ್ನು ಕೆತ್ತಿದ ಫಲಕಗಳನ್ನು ಚರ್ಚಿನ ಗೋಡೆಯುದ್ದಕ್ಕೂ ಹಾಕಿದ್ದಾರೆ.